ಬಾರ್ಕೂರಿನ ಗೋಣಿ ಕೋಣೆಯಲ್ಲಿ ಕೇಳಿಸಿದ್ದು

ಆ ಸದ್ದು ನನಗೆ ಮೊದಲು ಕೇಳಿಸಿದ್ದು ಬಾರ್ಕೂರಿನಲ್ಲಿ, ಕಥೆ ಓದುತ್ತಿದ್ದವರು ನಡುವೆ ಸುಮ್ಮನಾದಾಗ. ಕೆಳಸ್ವರದಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು, ಹಳೆಯ ಫ್ರಿಜ್ಜಿನ ಪಕ್ಕ ನಿಂತರೆ ಕೇಳಿಸುವ ಹಾಗೆ. ನಮ್ಮ ಕೆಲಸದಲ್ಲಿ ಇದಕ್ಕೆ ಹಮ್ ಅನ್ನುತ್ತೇವೆ. ಕರೆಂಟಿನ ತಂತಿ ಮೈಕಿನ ಕೇಬಲ್ಲಿಗೆ ತಾಗಿಕೊಂಡಿದ್ದರೂ ಸಾಕು, ಬರುತ್ತದೆ. ಎಲ್ಲಿಂದ ಬಂತೆಂದು ಹುಡುಕಿ ತೆಗೆಯುವುದು ರೆಕಾರ್ಡಿಂಗ್ ಮಾಡುವವನ ಮೊದಲ ಕರ್ತವ್ಯ. ನಾನು ಹುಡುಕತೊಡಗಿದೆ. ಅದೇ ಹುಡುಕಾಟದಲ್ಲಿ ಒಂದೂವರೆ ತಿಂಗಳು ಹೋಯಿತು.

ಕೆಲಸ ಇಷ್ಟು. ನಮ್ಮ ಕಡೆಯ ಲೇಖಕರ ಹತ್ತು ಸಣ್ಣಕಥೆಗಳನ್ನು ನಾಟಕದವರಿಂದ ಓದಿಸಿ, ಫೋನಿನಲ್ಲಿ ಕೇಳುವ ಹಾಗೆ ಸಿದ್ಧಮಾಡಿಕೊಡಬೇಕು. ಉಡುಪಿಯ ಒಂದು ಸಂಸ್ಥೆ ಅದನ್ನು ವಹಿಸಿಕೊಂಡಿತ್ತು. ಅಲ್ಲಿನ ಸಂಯೋಜಕಿ ಕಥೆಗಳನ್ನು ಆರಿಸಿ, ಓದುವವರನ್ನೂ ಗೊತ್ತುಮಾಡಿ, ಧ್ವನಿಮುದ್ರಣ ಮತ್ತು ಎಡಿಟಿಂಗನ್ನು ನನಗೆ ಕೊಟ್ಟಿದ್ದರು. ಆರು ಕಥೆಗಳು ಕುಂದಾಪುರದ ನನ್ನ ಕೋಣೆಯಲ್ಲೇ ಸಲೀಸಾಗಿ ಮುಗಿದವು. ಉಳಿದ ನಾಲ್ಕು ಬ್ರಹ್ಮಾವರದ ಒಬ್ಬ ಹಿರಿಯ ನಟಿಯ ಪಾಲಿನವು. ನಲವತ್ತು ವರ್ಷ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡಿದವರು. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅವರಿಗೆ ಮಂಡಿನೋವು. ನನ್ನ ಕೋಣೆ ಹೆದ್ದಾರಿ ಬದಿಯ ಕಟ್ಟಡದ ಎರಡನೇ ಮಾಳಿಗೆಯಲ್ಲಿದೆ, ಲಿಫ್ಟ್ ಇಲ್ಲ. ಹಾಗಾಗಿ ಅವರಿಗೆ ಹತ್ತಿರವಾಗುವ ಬೇರೆ ಜಾಗ ನೋಡಬೇಕಾಯಿತು.

ಸಿಕ್ಕಿದ್ದು ಬಾರ್ಕೂರಿನಲ್ಲಿ, ನಿಂತುಹೋದ ಅಕ್ಕಿ ಮಿಲ್ಲೊಂದರ ಗೋಣಿ ಇಡುವ ಕೋಣೆ. ಗೋಡೆ ಮೊಳ ದಪ್ಪ. ಒಂದೇ ಕಿಟಕಿ, ಅದೂ ಗದ್ದೆಯ ಕಡೆಗೆ. ಮಿಲ್ಲಿನವರು ಬಿಟ್ಟುಹೋದ ನೂರಾರು ಖಾಲಿ ಗೋಣಿಚೀಲಗಳು ಅಲ್ಲೇ ಇದ್ದವು. ಅವನ್ನು ಕೊಡವಿ, ಹಗ್ಗ ಕಟ್ಟಿ ಮೂರು ಗೋಡೆಗೂ ಇಳಿಬಿಟ್ಟೆ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತು ಬೀಳುತ್ತಿತ್ತು. ಅಷ್ಟು ಒಳ್ಳೆಯ ಕೋಣೆ ನನಗೆ ಹಿಂದೆ ಎಂದೂ ಸಿಕ್ಕಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಶುರುಮಾಡುತ್ತಿದ್ದೆವು. ಹತ್ತು ಗಂಟೆಯ ಬಿಸಿಲಿಗೆ ಹಂಚು ಕಾದು ಚಟಚಟ ಅನ್ನತೊಡಗುತ್ತದೆ. ಅಷ್ಟರೊಳಗೆ ಮುಗಿಸಬೇಕು. ಫ್ಯಾನು ಹಾಕುವಂತಿಲ್ಲ. ಅಕ್ಕ ನಾನು ಹೇಳಿದ ಹಾಗೆ ಒಗೆದು ಮೆತ್ತಗಾದ ಹತ್ತಿ ಸೀರೆ ಉಟ್ಟು, ಬಳೆ ತೆಗೆದಿಟ್ಟು, ಗಂಜಿ ಉಂಡು ಬರುತ್ತಿದ್ದರು. ಹಸಿದ ಹೊಟ್ಟೆಯ ಗುರುಗುಟ್ಟುವಿಕೆಯೂ ಮೈಕಿಗೆ ಬೀಳುತ್ತದೆ. ಕಥೆಯನ್ನು ದಪ್ಪ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದೆ. ಹಾಳೆ ಮುಗಿದಾಗ ಅವರು ನಿಲ್ಲಿಸುತ್ತಾರೆ, ನಾನು ಎದ್ದು ಅದನ್ನು ತೆಗೆಯುತ್ತೇನೆ, ಅವರು ಮುಂದಿನದನ್ನು ಓದುತ್ತಾರೆ. ಓದಲು ಶುರುಮಾಡುವ ಮೊದಲು ಒಂದು ನಿಮಿಷ ಇಬ್ಬರೂ ಸುಮ್ಮನೆ ಕುಳಿತು ಖಾಲಿ ಕೋಣೆಯನ್ನು ರೆಕಾರ್ಡ್ ಮಾಡುತ್ತಿದ್ದೆವು. ಎಡಿಟಿಂಗಿನಲ್ಲಿ ಎರಡು ವಾಕ್ಯಗಳ ನಡುವೆ ಜಾಗ ತುಂಬಿಸಲು ಆ ಖಾಲಿ ಸದ್ದು ಬೇಕಾಗುತ್ತದೆ.

ಅಕ್ಕನ ಮೊದಲ ಕಥೆ ಟ್ರಂಕಿನದು. ಮೂವತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ದುಡಿದ ಗಂಡ ಅಲ್ಲೇ ತೀರಿಕೊಳ್ಳುತ್ತಾನೆ. ಅವನ ಟ್ರಂಕನ್ನು ಯಾರೋ ಬಸ್ಸಿನಲ್ಲಿ ತಂದು ಮನೆಗೆ ಮುಟ್ಟಿಸುತ್ತಾರೆ. ಹೆಂಡತಿ ಬೀಗ ತೆಗೆದರೆ ಒಳಗೆ ಇಸ್ತ್ರಿ ಮಾಡಿದ ಐದು ಬಿಳಿ ಅಂಗಿಗಳು. ಊರಿಗೆ ಬಂದಾಗ ಒಮ್ಮೆಯೂ ತೊಟ್ಟಿರದವು. ಅವಳು ಒಂದೊಂದನ್ನೇ ಬಿಡಿಸಿ ನೋಡಿ ಮತ್ತೆ ಮಡಚಿಡುತ್ತಾಳೆ. ಅಷ್ಟೇ ಕಥೆ.

ಅಕ್ಕ ನಾಲ್ಕನೇ ಅಂಗಿಯ ಹತ್ತಿರ ಓದುವುದನ್ನು ನಿಲ್ಲಿಸಿದರು. ಹಾಳೆ ಮುಗಿದಿರಲಿಲ್ಲ. ಏಳೆಂಟು ಸೆಕೆಂಡು ಏನೂ ಇಲ್ಲ. ನನ್ನ ಕಣ್ಣು ರೆಕಾರ್ಡರಿನ ಮೀಟರಿನ ಮೇಲಿತ್ತು. ಆಗ ಹೆಡ್‌ಫೋನಿನಲ್ಲಿ ಗುಂಯ್ ಕೇಳಿಸಿತು. ಅವರು ಮತ್ತೆ ಶುರುಮಾಡಿ ಐದನೇ ಅಂಗಿಯನ್ನು ತೀರಾ ತಗ್ಗಿದ ದನಿಯಲ್ಲಿ ಓದಿ ಮುಗಿಸಿದರು.

"ಅಕ್ಕ, ಇನ್ನೊಂದ್ ಸಲ ಓದ್ಕ್," ಎಂದೆ.

"ಎಂತಕೆ? ಈಗ ಓದಿದ್ದ್ ಸಮ ಬಂತಲ್ದಾ?"

"ಹಮ್ ಬಂದಿತ್. ನೀವ್ ನಡುವಂಗ್ ನಿಂತ್ರಿ ಅಲ್ದಾ, ಅಲ್ಲ್ ಸಮಾ ಕೇಂತ್."

"ಹಾಂಗಾರ್ ಇದ್?"

"ಅಳಿಸ್ತೆ."

"ಇಟ್ಕಣಿ ಮಾರ್ರೆ, ಕಾಂಬ."

"ಬೇಡ ಅಕ್ಕ, ಮತ್ತೆ ಗೊಂದಲ ಆತ್ತ್."

ಒಂದು ಸಲ ಓದಿ ಮುದ್ರಿಸಿದ್ದಕ್ಕೆ ನಾವು ಟೇಕು ಅನ್ನುತ್ತೇವೆ. ಹಿಂದೊಮ್ಮೆ ಬೇಡವೆಂದು ಬದಿಗಿಟ್ಟ ಟೇಕೊಂದು ತಪ್ಪಿ ಅಂತಿಮ ಕಡತಕ್ಕೆ ಸೇರಿ ನಾನು ಹತ್ತು ಜನರ ಎದುರು ತಲೆ ತಗ್ಗಿಸಿದ್ದೆ. ಆಮೇಲಿಂದ ಕೆಟ್ಟ ಟೇಕನ್ನು ಅಲ್ಲಲ್ಲೇ ಅಳಿಸುವುದು ರೂಢಿಯಾಗಿತ್ತು. ಅಕ್ಕ ನೋಡುತ್ತಿದ್ದ ಹಾಗೆಯೇ ಗುಂಡಿ ಒತ್ತಿದೆ. ಅವರು ಸೀರೆಯ ಸೆರಗಿನಿಂದ ಕತ್ತು ಒರೆಸಿಕೊಂಡರು.

ಎರಡನೇ ಸಲ ಅವರು ಎಲ್ಲೂ ನಿಲ್ಲಲಿಲ್ಲ. ಸ್ವಲ್ಪ ಗಟ್ಟಿಯಾಗಿ, ವೇದಿಕೆಯಿಂದ ಹಿಂದಿನ ಸಾಲಿಗೆ ಕೇಳಿಸುವ ಹಾಗೆ ಓದಿದರು. ಹಮ್ ಇತ್ತು. ಆ ದಿನ ಅಲ್ಲಿಗೆ ಬಿಟ್ಟೆವು.

ಮುಂದಿನ ಸಲ ಮೈಕಿನ ಕೇಬಲ್ ಬದಲಿಸಿದೆ. ಕೋಣೆಯ ಮೈನ್ ಸ್ವಿಚ್ ಇಳಿಸಿ ರೆಕಾರ್ಡರನ್ನು ಬ್ಯಾಟರಿಯ ಮೇಲೆ ನಡೆಸಿದೆ. ಹಮ್ ಇತ್ತು. ಅದರ ಮುಂದಿನ ಸಲ ಬೇರೆಯವರಿಂದ ಕೇಳಿ ತಂದ ಮೈಕು ಹಚ್ಚಿದೆ. ಆಗಲೂ ಇತ್ತು. ರಸ್ತೆಯ ಆಚೆ ಬದಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಸಂಶಯ ಬಂತು. ಗೋಣಿಗಳನ್ನು ಎರಡು ಪದರ ಮಾಡಿ ಆ ಕಡೆಯ ಗೋಡೆಗೆ ಕಟ್ಟಿದೆ. ಸೆಕೆಗೆ ಅಕ್ಕನ ಮೂಗಿನ ತುದಿಯಿಂದ ಬೆವರು ಹಾಳೆಯ ಮೇಲೆ ಬೀಳುತ್ತಿತ್ತು. ಅಂದು ಟ್ರಂಕಿನ ಕಥೆಯನ್ನು ನಾಲ್ಕನೇ ಸಲ ಓದಿಸಿದೆ.

"ಎಷ್ಟ್ ಸಲ ಅಂದೇಳಿ ಓದುದ್?" ಎಂದರು ಅಕ್ಕ. "ಆ ಅಂಗಿ ಮಡ್ಚಿ ಮಡ್ಚಿ ನನ್ ಕೈ ಸೋತ್ ಹೋಯ್ತ್."

ತಮಾಷೆಗೆ ಹೇಳಿದ್ದಲ್ಲ. ನಾನು ನಕ್ಕೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಎಷ್ಟು ಸದ್ದು ಎಲ್ಲಿದೆ ಎಂಬುದನ್ನು ಅಲ್ಲಿ ಬಣ್ಣಗಳಲ್ಲಿ ಕಾಣಬಹುದು. ಹಮ್ ಇದ್ದರೆ ತಳದಲ್ಲಿ ಅಡ್ಡಗೆರೆ ಎಳೆದ ಹಾಗೆ ಬೆಳಗುತ್ತದೆ. ಅಂಥ ಗೆರೆ ಇರಲಿಲ್ಲ. ನಾನು ಆ ಪರದೆಯನ್ನು ನಂಬಲಿಲ್ಲ. ಪರದೆ ತಪ್ಪಬಹುದು, ಕಿವಿ ತಪ್ಪುವುದಿಲ್ಲ ಅಂತ ನನಗೆ ಕೆಲಸ ಕಲಿಸಿದವರು ಹೇಳಿದ್ದರು, ನಾನೂ ಬೇರೆಯವರಿಗೆ ಹೇಳಿದ್ದೆ. ಫಿಲ್ಟರ್ ಹಾಕಿ ಕೆಳಸ್ವರಗಳನ್ನು ಒಂದೊಂದಾಗಿ ಕಡಿಯತೊಡಗಿದೆ. ಎಷ್ಟು ಕಡಿದರೂ ಗುಂಯ್ ಹೋಗಲಿಲ್ಲ. ಮತ್ತಷ್ಟು ಕಡಿದೆ. ಕೊನೆಗೆ ಇಷ್ಟಾದರೂ ಆಯಿತಲ್ಲ ಎಂದು ಸಂಯೋಜಕಿಗೆ ಕಳಿಸಿದೆ.

ಅವರು ಮರುದಿನವೇ ಫೋನ್ ಮಾಡಿದರು. "ಅವರ ದನಿಗೆ ಏನು ಮಾಡಿದ್ರಿ? ತಗಡಿನ ಡಬ್ಬಿಯೊಳಗಿಂದ ಮಾತಾಡಿದ ಹಾಗಿದೆ. ಮೊದಲಿನ ಆರು ಕಥೆ ಹೀಗಿರಲಿಲ್ಲವಲ್ಲ?"

ಕೋಣೆಯಲ್ಲಿ ಹಮ್ ಇದೆ ಮೇಡಂ, ಹುಡುಕುತ್ತಿದ್ದೇನೆ ಎಂದೆ.

ಇನ್ನು ಉಳಿದದ್ದು ಗದ್ದೆಯ ಪಂಪು. ಸುಗ್ಗಿ ಬೆಳೆಗೆ ನೀರು ಬಿಡುವ ಕಾಲ. ಕಿಟಕಿಯಿಂದ ನೂರು ಹೆಜ್ಜೆ ದೂರದಲ್ಲಿ ಪಂಪಿನ ಗುಡಿಸಲು ಕಾಣುತ್ತಿತ್ತು. ಅಂದು ಅಕ್ಕ ಟ್ರಂಕಿನ ಕಥೆಯನ್ನು ಐದನೇ ಸಲ ಓದಿ ಬಸ್ಸಿಗೆ ಹೋಗಿದ್ದರು. ನಾನು ಗದ್ದೆಯ ಅಂಚಿನಲ್ಲಿ ನಡೆದುಹೋಗಿ ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಗದ್ದೆಯವರನ್ನು ಕೇಳಿಕೊಂಡೆ: ಬೆಳಿಗ್ಗೆ ಏಳರಿಂದ ಹತ್ತರವರೆಗೆ ಎರಡು ದಿನದ ಮಟ್ಟಿಗೆ ಪಂಪು ನಿಲ್ಲಿಸಲು ಆದೀತೇ?

ಅವರು ಕತ್ತಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಹ್ವಾಯ್, ಎಂತ ಪಂಪು ಮಾರ್ರೆ? ಮೋಟ್ರ್ ಸುಟ್ ಹೋಯಿ ಎಂಟ್ ದಿನ ಆಯ್ತ್. ರಿಪೇರಿಗ್ ಕೊಟ್ಟೆ. ಬನ್ನಿ ಕಾಣಿ ಬೇಕಾರೆ."

ಹೋಗಿ ನೋಡಿದೆ. ಮೋಟಾರು ಇದ್ದ ಜಾಗದಲ್ಲಿ ನಾಲ್ಕು ಬೋಲ್ಟುಗಳು ಮಾತ್ರ ನಿಂತಿದ್ದವು.

ಕೋಣೆಗೆ ಬಂದು ರೆಕಾರ್ಡರಿನ ಬ್ಯಾಟರಿ ತೆಗೆದೆ. ಮೈಕು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಕೇಬಲ್ ಸುತ್ತಿಟ್ಟೆ. ಫೋನು ಆಫ್ ಮಾಡಿ ಕುರ್ಚಿಯಲ್ಲಿ ಕುಳಿತೆ. ಗುಂಯ್ ಅನ್ನುತ್ತಲೇ ಇತ್ತು.

ಬಲಗಿವಿಯ ಹತ್ತಿರ ಹೆಬ್ಬೆರಳು, ತೋರುಬೆರಳುಗಳನ್ನು ತಿಕ್ಕಿದೆ. ಕೇಳಿಸಿತು. ಎಡಗಿವಿಯ ಹತ್ತಿರ ತಿಕ್ಕಿದೆ. ಇನ್ನೂ ಹತ್ತಿರ ತಂದು ತಿಕ್ಕಿದೆ. ಬೆರಳುಗಳು ಒಂದಕ್ಕೊಂದು ತಾಗುವುದು ಗೊತ್ತಾಗುತ್ತಿತ್ತು, ಅಷ್ಟೆ. ಎಡಗಿವಿಯಿದ್ದ ಜಾಗದಲ್ಲಿ ಆ ಗುಂಯ್ ಒಂದೇ ಇತ್ತು.

ಆಗ ನನಗೆ ಏನನಿಸಿತು ಎಂದು ಆಮೇಲೆ ಹಲವರು ಕೇಳಿದ್ದಾರೆ. ಏನೂ ಅನಿಸಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದಿಟ್ಟೆ. ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು, ಕುಂದಾಪುರದ ಬಸ್ಸು ಹತ್ತಿದೆ. ಕಿಟಕಿ ಎಡಕ್ಕಿತ್ತು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅದರ ಸದ್ದಿರಲಿಲ್ಲ. ಹಾಗಾದರೆ ಇದು ಎಷ್ಟು ದಿನದಿಂದ ಹೀಗಿದೆ ಎಂದು ಲೆಕ್ಕಹಾಕಲು ನೋಡಿದೆ, ಆಗಲಿಲ್ಲ.

ಮನೆಯಲ್ಲಿ ಹೇಳಿದಾಗ ಗೊತ್ತಾಯಿತು, ನನ್ನ ಹೆಂಡತಿಗೆ ನನಗಿಂತ ಮೊದಲೇ ಸಂಶಯವಿತ್ತು. ಅವಳು ಅಂಗನವಾಡಿ ಶಿಕ್ಷಕಿ. ಕೇಳಿಯೂ ಕೇಳದ ಹಾಗೆ ಕೂರುವ ಮಕ್ಕಳು ಯಾರು, ನಿಜವಾಗಿ ಕೇಳಿಸದವರು ಯಾರು ಎಂಬುದು ಅವಳಿಗೆ ಗೊತ್ತಾಗುತ್ತದೆ. "ಒಂದ್ ತಿಂಗ್ಳಿಂದ ಎಷ್ಟ್ ಕರಿಯುದ್ ನಿಮ್ಮನ್ನ?" ಎಂದಳು. "ಆ ಬದಿಯಿಂದ ಕರ್ದ್ರೆ ತಿರ್ಗಿ ಕಾಂತಿಲ್ಲ. ಕೆಲ್ಸದ ಗಡಿಬಿಡಿ ಅಂದೇಳಿ ಸುಮ್ನಿದ್ದೆ ನಾನ್."

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಒಂದು ಸಣ್ಣ ಕೋಣೆಯೊಳಗೆ ಕೂರಿಸಿದರು. ಗೋಡೆಗೆಲ್ಲ ಸ್ಪಂಜು, ಎದುರಿಗೆ ಗಾಜು. ಗಾಜಿನ ಆಚೆ ಒಬ್ಬ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಗುಂಡಿಗಳ ಮುಂದೆ ಕುಳಿತಿದ್ದಳು. ಇಪ್ಪತ್ತು ವರ್ಷ ಗಾಜಿನ ಆ ಬದಿಯಲ್ಲಿ ಕುಳಿತವನು ನಾನು. ಸದ್ದು ಕೇಳಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು ಎಂದಳು. ಬಲಗಿವಿಯಲ್ಲಿ ಒತ್ತುತ್ತಲೇ ಹೋದೆ. ಎಡಗಿವಿಗೆ ಬದಲಿಸಿದ್ದು ನನಗೆ ಗೊತ್ತಾದದ್ದು ಅವಳು ನನ್ನನ್ನೇ ನೋಡುತ್ತ ಕುಳಿತಾಗ. ನಾನು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ಅವಳು ಒಂದು ಸಲ ತುಟಿ ಕಚ್ಚಿಕೊಂಡು ಹಾಳೆಯ ಮೇಲೆ ಏನೋ ಗುರುತು ಹಾಕಿದಳು.

ವೈದ್ಯರು ಶಾಂತವಾಗಿ ವಿವರಿಸಿದರು. ಒಮ್ಮೊಮ್ಮೆ ಕಾರಣವೇ ಇಲ್ಲದೆ ಒಂದು ಕಿವಿಯ ನರ ಹೀಗೆ ಸೋಲುತ್ತದೆ, ಆಗ ಮೆದುಳು ತಾನೇ ಒಂದು ಸದ್ದು ಹುಟ್ಟಿಸಿಕೊಳ್ಳುತ್ತದೆ. ಮೊದಲ ವಾರದಲ್ಲೇ ಬಂದಿದ್ದರೆ ಮಾತ್ರೆಯಿಂದ ಸ್ವಲ್ಪವಾದರೂ ಮರಳುವ ಸಾಧ್ಯತೆ ಇತ್ತು. ಈಗ ಕೊಡುತ್ತೇನೆ, ಆದರೆ ಭರವಸೆ ಇಟ್ಟುಕೊಳ್ಳಬೇಡಿ.

ಮೊದಲ ವಾರದಲ್ಲಿ ನಾನು ಕೇಬಲ್ ಬದಲಿಸುತ್ತಿದ್ದೆ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೆಂಡತಿ ಅತ್ತಳು. ನಾನು ಬನ್ಸ್ ತಿಂದೆ. ಚಟ್ನಿ ಚೆನ್ನಾಗಿತ್ತು, ಇನ್ನೊಂದು ಸ್ವಲ್ಪ ಹಾಕಿಸಿಕೊಂಡೆ. ನನ್ನ ಒಳಗೆ ಏನಾಗುತ್ತಿದೆ ಎಂದು ನಾನೂ ಕಾದು ನೋಡಿದೆ. ಹಲ್ಲು ಕೀಳುವ ಮೊದಲು ಸೂಜಿ ಹಾಕಿದ ದವಡೆ ಹೇಗಿರುತ್ತದೋ ಹಾಗಿತ್ತು. ಇದೆ, ಆದರೆ ನನ್ನದಲ್ಲ.

ಆಮೇಲೆ ಎರಡು ವಾರ ಕಣ್ಣಿನಿಂದಲೇ ಕೆಲಸ ಮಾಡಿದೆ. ಅಕ್ಕನಿಗೆ ಮೈ ಸರಿಯಿಲ್ಲವೆಂದು ಹೇಳಿ ರೆಕಾರ್ಡಿಂಗ್ ಮುಂದೂಡಿದೆ. ಸಂಯೋಜಕಿಗೂ ಅದನ್ನೇ ಹೇಳಿದೆ. ಪರದೆಯ ಮೇಲಿನ ಬಣ್ಣ ನೋಡಿ ತಪ್ಪು ಹುಡುಕುವುದು, ಬಲಗಿವಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವುದು. ಕಥೆ ಓದುವುದೆಂದರೆ ಒಂದೇ ದನಿ, ಒಂದೇ ಮೈಕು. ಒಂದು ಕಿವಿಯಲ್ಲೂ ನಡೆದೀತು, ಯಾರಿಗೂ ತಿಳಿಯಬೇಕಾಗಿಲ್ಲ ಎಂದುಕೊಂಡೆ. ತಡೆಯಾಗುತ್ತಿದ್ದದ್ದು ವಾಕ್ಯಗಳ ನಡುವೆ. ಅಲ್ಲಿ ನನಗೆ ಕೇಳಿಸುವುದು ನನ್ನದೇ ಗುಂಯ್; ನಿಜವಾಗಿ ಏನಿದೆ ಎಂಬುದು ನನಗೆ ಇನ್ನು ಎಂದೂ ಗೊತ್ತಾಗುವಂತಿರಲಿಲ್ಲ.

ಒಂದು ಮಧ್ಯಾಹ್ನ, ಫಿಲ್ಟರ್ ಹಾಕಿ ಹಾಳುಮಾಡಿದ್ದನ್ನು ಬಿಟ್ಟು ಮೂಲ ಟೇಕುಗಳಲ್ಲೇ ಯಾವುದಾದರೂ ಒಂದನ್ನು ಆರಿಸೋಣವೆಂದು ಟ್ರಂಕಿನ ಕಥೆಯ ಕಡತ ತೆರೆದೆ. ಹಮ್ ಇಲ್ಲವೆಂದ ಮೇಲೆ ಎಲ್ಲ ಟೇಕೂ ಸ್ವಚ್ಛವೇ ಅಲ್ಲವೇ. ಐದನೆಯದು ಇತ್ತು. ನಾಲ್ಕನೆಯದು, ಮೂರನೆಯದು, ಎರಡನೆಯದು ಇದ್ದವು. ಮೊದಲನೆಯದು ಇರಲಿಲ್ಲ. ಅಕ್ಕ ನಾಲ್ಕನೇ ಅಂಗಿಯ ಹತ್ತಿರ ನಿಂತ ಟೇಕು ಅದು. ಅದನ್ನು ಅಳಿಸಿದ ಮೆಮೊರಿ ಕಾರ್ಡಿನ ಮೇಲೆ ನಾಲ್ಕು ಸಲ ಹೊಸದನ್ನು ಬರೆದಾಗಿತ್ತು, ಮರಳಿ ತೆಗೆಯುವಂತಿರಲಿಲ್ಲ. ಇದ್ದ ನಾಲ್ಕನ್ನೂ ಬಲಗಿವಿಯಲ್ಲಿ ಕೇಳಿದೆ. ಎರಡನೆಯದರಲ್ಲಿ ಅಕ್ಕ ನಟಿಸಿದ್ದರು. ಮೂರನೆಯದರಲ್ಲಿ ನಟಿಸಲು ನೋಡಿದ್ದರು. ಉಳಿದೆರಡರಲ್ಲಿ ಯಾವಾಗ ಮುಗಿದೀತೆಂದು ಕಾಯುತ್ತಿದ್ದರು.

ರಾತ್ರಿ ಊಟಕ್ಕೆ ಕುಳಿತಾಗ ಅಳಿಸಿದ ಟೇಕಿನ ವಿಷಯ ಹೆಂಡತಿಗೆ ಹೇಳಿದೆ.

"ಅಕ್ಕಂಗ್ ಹೇಳ್ಕಲ್ದಾ?" ಎಂದಳು.

"ಹೇಳ್ರೆ ಕೆಲ್ಸ ಹೋತ್ತ್. ಕೆಮಿ ಕೇಣದವ್ನಿಗೆ ಯಾರ್ ಕೊಡ್ತ್ರ್?"

"ಹೇಳ್ದಿರೆ ಅವ್ರ್ ಎಂತ ಎಣ್ಸ್ತ್ರ್? ಐದ್ ಸಲ ಓದಿರೂ ತಮ್ಗೇ ಸಮ ಬರ್ಲಿಲ್ಲ ಅಂದೇಳಿ ಅಲ್ದಾ?"

ಅದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಬ್ರಹ್ಮಾವರಕ್ಕೆ ಹೋದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಎಲೆ ಒಂದು ಕಡೆ, ದಂಟು ಒಂದು ಕಡೆ. ಮೈ ಹೇಗಿದೆ ಎಂದು ಕೇಳಿ, ಒಳಗೆ ನೋಡಿ ಚಾ ಮಾಡಲು ಸೊಸೆಗೆ ಹೇಳಿದರು. ನಾನು ಅವರ ಮಾತು ಬಲಗಿವಿಗೆ ಬೀಳುವ ಹಾಗೆ ಓರೆಯಾಗಿ ಕುಳಿತೆ.

"ಅಕ್ಕ, ಆ ಸದ್ದ್ ಕೋಣಿಯಂಗ್ ಇರ್ಲಿಲ್ಲ. ನನ್ ಕೆಮಿಯಂಗ್ ಇದ್ದದ್ದ್."

"ಹಾಂಗಂದ್ರೆ?"

"ಎಡ್ಬದಿ ಕೆಮಿ ಹೋಯ್ತ್. ಅದ್ರಂಗೆ ಸದ್ದ್ ಬತ್ತ್. ಡಾಕ್ಟ್ರ್ ಕಂಡ್ರ್. ಇನ್ನ್ ಸಮ ಆತಿಲ್ಲ ಅಂಬ್ರ್."

ಅವರ ಕೈ ನಿಂತಿತು. ನನ್ನ ಎಡಗಿವಿಯ ಕಡೆ ಬಗ್ಗಿ ನೋಡಿದರು, ಅಲ್ಲೇನೋ ಗಾಯವಿರಬಹುದು ಎಂಬ ಹಾಗೆ. ಅಯ್ಯೋ ದೇವರೆ ಎಂದರು. ಆಮೇಲೆ ಇನ್ನೊಂದು ಯೋಚನೆ ಅವರ ಮುಖದ ಮೇಲೆ ನಿಧಾನವಾಗಿ ಬಂತು.

"ಹಾಂಗಾರ್ ಸುರುವಿಗ್ ಓದಿದ್ದ್?"

"ಅದ್ ಸಮಾ ಇದ್ದಿತ್."

"ಅದನ್ನ್ ಅಳ್ಸಿದ್ರಿ."

"ಹೌದ್."

ಸೊಸೆ ಚಾ ತಂದಿಟ್ಟು ಒಳಗೆ ಹೋದಳು. ಅಕ್ಕ ಮತ್ತೆ ಎಲೆ ಬಿಡಿಸತೊಡಗಿದರು. ಬೈದಿದ್ದರೆ ಎದ್ದು ಬರಬಹುದಿತ್ತು. ಅವರು ಬೈಯಲಿಲ್ಲ. ಬುಟ್ಟಿಯಲ್ಲಿದ್ದ ಬಳ್ಳಿಯನ್ನೆಲ್ಲ ಬಿಡಿಸಿ ಮುಗಿಸಿದರು.

"ಆ ದಿನ ನಾಕ್ನೇ ಅಂಗಿ ಹತ್ರ ನಾ ಎಂತಕ್ ನಿಂತೆ, ಗೊತ್ತಿತ್ತಾ ನಿಮ್ಗೆ?"

"ಇಲ್ಲ ಅಕ್ಕ."

"ನಂಗೂ ಗೊತ್ತಿಲ್ಲ. ನಿಂತೆ. ನಲ್ವತ್ ವರ್ಷ ನಾಟ್ಕ ಮಾಡಿದ್ರಂಗೆ ಒಂದ್ ದಿನ್ವೂ ಹಾಂಗೆ ನಿಂತವಳಲ್ಲ. ಅದ್ ಹ್ಯಾಂಗ್ ಕೇಂತ್ ಅಂದೇಳಿ ಒಂದ್ಸಲ ಕೇಣ್ಕ್ ಅಂದೇಳಿ ಇದ್ದಿತ್ ನಂಗೆ."

ನಾನು ಚಾ ಕುಡಿದು ಲೋಟ ಕೆಳಗಿಟ್ಟೆ. ಕ್ಷಮಿಸಿ ಎನ್ನಬೇಕಿತ್ತು. ಬೇರೆ ಯಾರನ್ನಾದರೂ ರೆಕಾರ್ಡಿಂಗಿಗೆ ಗೊತ್ತುಮಾಡಲು ಸಂಯೋಜಕಿಗೆ ಹೇಳುತ್ತೇನೆ, ನೀವು ಓದುವುದನ್ನು ಬಿಡಬೇಡಿ ಎಂದಷ್ಟೇ ಹೇಳಿದೆ.

"ಬೇರೆಯವ್ರ್ ಬೇಡ," ಎಂದರು. "ನಾ ಓದ್ತೆ. ಆರೆ ಆ ಕೆಮಿಗ್ ಹಾಕುದ್ ನೀವ್ ಹಾಕಣ್ಬೇಡಿ. ಅದನ್ನ್ ಯಾರಾರೂ ಹಾಕಣ್ಲಿ. ನೀವ್ ಎದ್ರಿಗ್ ಬಂದ್ ಕೂಕಣಿ. ಇಷ್ಟ್ ದಿನ ಓದಿದೆ, ಒಂದ್ ಸಲವಾರೂ ನೀವ್ ನನ್ ಮೊಕ ಕಂಡದ್ದಿಲ್ಲ. ಆ ಡಬ್ಬಿ ಕಂಡದ್ದೇ ಕಂಡದ್ದ್."

ಅಲ್ಲಿಂದಲೇ, ಅವರ ಅಂಗಳದಲ್ಲಿ ನಿಂತು, ಸಂಯೋಜಕಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ: ಕಿವಿ, ಫಿಲ್ಟರು, ಅಳಿಸಿದ ಟೇಕು. ಅವರು, "ಕೇಳಿ ಖಾತ್ರಿ ಮಾಡಲು ನಿಮ್ಮ ಹತ್ತಿರ ಯಾರಿದ್ದಾರೆ?" ಎಂದರು. ಹೆಂಡತಿ ಇದ್ದಾಳೆ ಎಂದೆ. ಅವಳನ್ನು ನಾನು ಇನ್ನೂ ಕೇಳಿರಲಿಲ್ಲ. "ಮೊದಲು ಒಂದು ಕಥೆ ಮಾಡಿ ಕಳಿಸಿ. ಆಮೇಲೆ ನೋಡೋಣ," ಎಂದರು ಅವರು.

ಮದುವೆಯಾಗಿ ಹದಿನೆಂಟು ವರ್ಷವಾದರೂ ಹೆಂಡತಿ ಒಂದು ರೆಕಾರ್ಡಿಂಗಿಗೂ ಬಂದವಳಲ್ಲ. ನಾನು ಕರೆದೂ ಇರಲಿಲ್ಲ. ಹೆಡ್‌ಫೋನು ಹಾಕಿಕೊಳ್ಳುವುದು, ಕಥೆಯ ಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸುವುದು, ತಪ್ಪು ಕೇಳಿದಲ್ಲಿ ಸದ್ದಾಗದ ಹಾಗೆ ಪೆನ್ಸಿಲಿನಿಂದ ಅಡಿಗೆರೆ ಹಾಕುವುದು, ಇಷ್ಟನ್ನೂ ಮನೆಯಲ್ಲೇ ಕಲಿಸಿದೆ. ಬಾರ್ಕೂರಿನ ಖಾಲಿ ಕೋಣೆಯ ಒಂದು ನಿಮಿಷವನ್ನು ಹಾಕಿ ಕೇಳಿಸಿದೆ.

"ಎಂತ ಕೇಂತ್?" ಎಂದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. "ಎಂತದೂ ಇಲ್ಲ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಎಂತ ತಂಪ್ ಮಾರ್ರೆ. ಇಷ್ಟ್ ಸುಮ್ನೆ ಇಪ್ಪುದನ್ನ ನಾನ್ ಕೇಣ್ಲೇ ಇಲ್ಲ," ಎಂದಳು.

ನಾನು ಅವಳ ಮುಖ ನೋಡುತ್ತ ಕುಳಿತೆ. ಒಂದು ನಿಮಿಷ ಮುಗಿದ ಮೇಲೆ ಅವಳೇ ಮತ್ತೊಮ್ಮೆ ಹಾಕಲು ಹೇಳಿದಳು.

ಭಾನುವಾರ ಬೆಳಿಗ್ಗೆ ಮೂವರೂ ಗೋಣಿ ಕೋಣೆಯಲ್ಲಿದ್ದೆವು. ರೆಕಾರ್ಡರನ್ನು ನಾನು ಹೊಂದಿಸಿದೆ, ಮೀಟರ್ ನೋಡಿ ದನಿಯ ಮಟ್ಟ ಕಟ್ಟಿದೆ, ಮತ್ತೆ ಅದನ್ನು ಹೆಂಡತಿಯ ಕಡೆ ತಿರುಗಿಸಿಟ್ಟೆ. ಅವಳು ಮೂಲೆಯಲ್ಲಿ ಗೋಣಿಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಅಕ್ಕ ನನ್ನ ಕುರ್ಚಿಯನ್ನು ತಮ್ಮ ಹತ್ತಿರಕ್ಕೆ ಎಳೆಸಿದರು. ಅಷ್ಟು ಹತ್ತಿರ ಯಾರೂ ಕೂರಬಾರದು, ಬಟ್ಟೆಯ ಸದ್ದೂ ಮೈಕಿಗೆ ಬೀಳುತ್ತದೆ ಎಂದೆ. "ಅಲ್ಲಾಡ್ದೆ ಕೂಕಣಿ," ಎಂದರು. ಬಲಗಿವಿ ಅವರ ಕಡೆಗಿರುವ ಹಾಗೆ ಕುಳಿತೆ.

ಹೆಂಡತಿ ತಲೆಯಾಡಿಸಿದಳು. ಅಕ್ಕ ಶುರುಮಾಡಿದರು.

ಕೈಯಲ್ಲಿ ಕೆಲಸವಿಲ್ಲದೆ ಒಬ್ಬರು ಓದುವುದನ್ನು ಕೇಳುವುದು ನನಗೆ ಹೊಸದು. ಅವರ ಬಲಗೈಯ ಬೆರಳುಗಳು ತೊಡೆಯ ಮೇಲೆ ಅಂಗಿ ಮಡಚುವ ಹಾಗೆ ಚಲಿಸುತ್ತಿದ್ದವು. ಐದು ಸಲ ಓದಿದಾಗಲೂ ಹಾಗೆ ಮಾಡುತ್ತಿದ್ದರೋ ಏನೋ, ನಾನು ನೋಡಿಲ್ಲ. ಬೀಗ ತೆಗೆಯುವಾಗ ಅವರ ಹುಬ್ಬು ಗಂಟಿಕ್ಕಿತು. ಮೊದಲ ಅಂಗಿ, ಎರಡನೆಯದು. ದನಿಯಲ್ಲಿ ಏರಿಳಿತವೇ ಇರಲಿಲ್ಲ. ಪಕ್ಕದ ಮನೆಯಾಕೆಗೆ ಹೇಳುವ ಹಾಗೆ ಹೇಳುತ್ತಿದ್ದರು. ನಾಲ್ಕನೇ ಅಂಗಿಯ ಹತ್ತಿರ ಬಂದಾಗ ನಾನು ಕಾದೆ. ಅವರು ನಿಲ್ಲಲಿಲ್ಲ. ಮೊದಲ ದಿನ ಆದದ್ದು ಮತ್ತೆ ಆಗಲಿಲ್ಲ. ಅದು ಹೋದದ್ದು ಹೋಯಿತು. ಅವರು ಹಾಳೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಮುಂದಿನ ಸಾಲುಗಳನ್ನು ಬಾಯಿಪಾಠದಿಂದ ನನ್ನ ಮುಖಕ್ಕೇ ಹೇಳಿದರು. ಐದನೆಯ ಅಂಗಿಯನ್ನೂ ಮಡಚಿದರು. ಟ್ರಂಕು ಮುಚ್ಚಿದರು.

ಹೆಂಡತಿ ಕೈ ಎತ್ತಿದಳು. ರೆಕಾರ್ಡರ್ ನಿಲ್ಲಿಸಿದೆ.

"ಹ್ಯಾಂಗಿತ್ತ್? ಸದ್ದೆಂತಾರೂ ಇತ್ತಾ?"

"ಗುಂಯ್ ಅಂಬುದೆಂತ ಇಲ್ಲ," ಎಂದಳು. ಹೆಡ್‌ಫೋನು ತೆಗೆಯದೆ ಸ್ವಲ್ಪ ಹಿಂಜರಿದಳು. "ಆರೆ ಕೊನಿಗ್ ಒಂದ್ ಇತ್ತ್."

"ಎಂತ?"

"ಉಸ್ರ್. ಅಕ್ಕಂದಲ್ಲ. ನಿಮ್ದ್."

ಹೆಡ್‌ಫೋನಿನ ಒಂದು ಬದಿಯನ್ನು ಬಲಗಿವಿಗೆ ಒತ್ತಿಹಿಡಿದು ಕೇಳಿದೆ. ಅಕ್ಕನ ದನಿ ಸ್ವಚ್ಛವಾಗಿ, ತುಂಬಿಕೊಂಡು ಬರುತ್ತಿತ್ತು. ಅದರ ಹಿಂದೆ, ನಾಲ್ಕನೇ ಅಂಗಿಯಿಂದ ಶುರುವಾಗಿ, ಗಂಡಸೊಬ್ಬನ ಉಸಿರು. ಒಳಗೆ ಎಳೆದದ್ದು ನಡುವೆ ಎರಡು ಕಡೆ ಮುಗ್ಗರಿಸುತ್ತಿತ್ತು. ಹೊರಗೆ ಬರುವಾಗ ನಡುಗುತ್ತಿತ್ತು. ಐದನೆಯ ಅಂಗಿಯ ಹೊತ್ತಿಗೆ ಅವನು ಬಾಯಿಂದ ಉಸಿರಾಡುತ್ತಿದ್ದ. ನಾನು ಅಲ್ಲಿ ಅಲ್ಲಾಡದೆ ಕುಳಿತಿದ್ದೆ. ಏನೂ ಆಗದೆ ಕುಳಿತಿದ್ದೆ ಎಂದೇ ತಿಳಿದಿದ್ದೆ. ಬೇರೆ ಯಾರದೋ ರೆಕಾರ್ಡಿಂಗನ್ನು ಪರೀಕ್ಷಿಸುವ ಹಾಗೆ ಮತ್ತೊಮ್ಮೆ ಹಾಕಿ ಕೇಳಿದೆ.

ಉಸಿರು ಅಕ್ಕನ ಮಾತುಗಳ ಕೆಳಗೇ ಇತ್ತು. ಅದನ್ನು ತೆಗೆಯಲು ಹೋದರೆ ಅವರ ದನಿಯೂ ತುಂಡಾಗುತ್ತದೆ. "ಇದ್ ಆತಿಲ್ಲ ಅಕ್ಕ," ಎಂದೆ. "ನಾನ್ ಹಿಂದ್ ಹೋಯ್ ಕೂಕಂತೆ. ಇನ್ನೊಂದ್ ಸಲ..."

"ಕೊಡಿ ಕಾಂಬ," ಎಂದು ಅಕ್ಕ ಹೆಡ್‌ಫೋನು ಇಸಿದುಕೊಂಡರು. ಕನ್ನಡಕ ತೆಗೆದು ಮಡಿಲಲ್ಲಿಟ್ಟು ಮೊದಲಿಂದ ಕೊನೆಯವರೆಗೆ ಕೇಳಿದರು. ತಾವು ಓದಿದ್ದನ್ನು ಅವರು ಕೇಳಿದ್ದು ಅದೇ ಮೊದಲು. ನಾವಿಬ್ಬರೂ ಕಾದೆವು. ಹೊರಗೆ ಬಿಸಿಲೇರಿ ಹಂಚು ಒಂದೊಂದಾಗಿ ಚಟ್ ಎನ್ನತೊಡಗಿತ್ತು. ಇನ್ನೊಂದು ಟೇಕಿಗೆ ಹೊತ್ತು ಮೀರುತ್ತಿತ್ತು.

ಅಕ್ಕ ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡರು.

"ಇರ್ಲಿ ಬಿಡಿ ಅದ್," ಎಂದರು. "ಕೇಂಬವ್ರಿಗ್ ಯಾರ್ದ್ ಅಂದೇಳಿ ಎಂತ ಗೊತ್ತಾತ್ತ್? ಟ್ರಂಕ್ ಹೊತ್ಕ ಬಂದವ್ನ್ ಇನ್ನೂ ಬಾಗ್ಲಂಗೇ ನಿಂತಿದ್ದ ಅಂದೇಳಿ ಎಣ್ಸ್ತ್ರ್."

ಆ ಟೇಕೇ ಈಗ ಜನ ಕೇಳುತ್ತಿರುವುದು. ಸಂಯೋಜಕಿಗೆ ಉಸಿರು ಗೊತ್ತಾಯಿತು, ಯಾರದೆಂದು ಕೇಳಿದರು, ಹೇಳಿದೆ. ಇಟ್ಟುಕೊಂಡರು. ಅಕ್ಕನ ಉಳಿದ ಮೂರು ಕಥೆಗಳನ್ನು ಮೂರು ಭಾನುವಾರಗಳಲ್ಲಿ ಮುಗಿಸಿದೆವು.

ಆದರೆ ಆ ಬೆಳಿಗ್ಗೆ ಇದೆಲ್ಲ ಮುಂದಿನ ಮಾತಾಗಿತ್ತು. ಅಕ್ಕ ಬಳೆಗಳನ್ನು ಹಾಕಿಕೊಳ್ಳುತ್ತಿದ್ದರು. ಒಪ್ಪಿದ ಟೇಕಿನ ಹಾಳೆಯ ಮೇಲೆ 'ಸರಿ' ಎಂದು ಬರೆದು ತಾರೀಕು ಹಾಕುವುದು ಪದ್ಧತಿ. ಹೆಂಡತಿಯ ಪೆನ್ಸಿಲ್ ತೆಗೆದುಕೊಂಡು ಬರೆಯಲು ಹೋದೆ. ಎರಡು ಸಲ ನೋಡಿದರೂ ಅಕ್ಷರ ಕೂರಲಿಲ್ಲ. ಹೆಂಡತಿ ಪೆನ್ಸಿಲನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು, ಅಂಗನವಾಡಿಯ ಹಲಗೆಯ ಮೇಲೆ ಬರೆಯುವ ಹಾಗೆ ಗುಂಡಗೆ ಬರೆದಳು: ಸರಿ.